ಪೋರ್ಷೆ ಓಡಿಸಿ ಬಂದ ಮೇಲೆ ಅಪ್ಪನ ಮಾರುತಿ

ಒಂದು ಭಾನುವಾರ ಬೆಳಗ್ಗೆ ಐದೂವರೆಗೆ ಕಾಲೇಜಿನ ಸೀನಿಯರ್ ಒಬ್ಬರು ಫೋನ್ ಮಾಡಿ, 'ಕೆಳಗೆ ಬಾ, ಹೊಸ ಗಾಡಿ ತೋರಿಸ್ತೀನಿ' ಅಂದರು. ಅಪಾರ್ಟ್‌ಮೆಂಟ್ ಗೇಟಿನ ಮುಂದೆ ಪೋರ್ಷೆ 911 ನಿಂತಿತ್ತು. ಸ್ಕೂಲಲ್ಲಿ ನೋಟ್‌ಬುಕ್ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡಿದ್ದ ಕಾರು! ಬೆಂಗಳೂರಿನ ಏರ್‌ಪೋರ್ಟ್ ರೋಡಿನಲ್ಲಿ ಸ್ವಲ್ಪ ದೂರ ನನ್ನ ಕೈಗೂ ಕೊಟ್ಟರು.

ಮೂರು ಲೀಟರಿನ ಟರ್ಬೊ ಎಂಜಿನ್, ಅದೂ ಹಿಂಭಾಗದಲ್ಲಿ. ಸುಮಾರು 380 ಹಾರ್ಸ್‌ಪವರ್. ಆಕ್ಸಿಲರೇಟರ್ ಒತ್ತಿದ್ದೇ ತಡ, ಬೆನ್ನು ಸೀಟಿಗೆ ಅಂಟಿತು. ಕೂಗಿಕೊಳ್ಳುವಷ್ಟರಲ್ಲಿ ಮುಳ್ಳು 80 ಮುಟ್ಟಿತ್ತು. ರಸ್ತೆಯ ಮಿತಿ ಅಷ್ಟೇ, ಕಾಲು ತೆಗೆದೆ. ಎಂಟು ಗೇರನ್ನು ಕಾರೇ ಬದಲಾಯಿಸಿಕೊಳ್ಳುತ್ತೆ. ಚಕ್ರ ಜಾರುವ ಮುಂಚೆಯೇ ಕಂಪ್ಯೂಟರ್ ಸರಿಮಾಡುತ್ತೆ. ನಾನೇನಾದರೂ ತಪ್ಪು ಮಾಡಿದ್ದರೂ ನನಗೇ ಗೊತ್ತಾಗಿರಲಿಕ್ಕಿಲ್ಲ.

ಅದೇ ವಾರ ಹಾಸನಕ್ಕೆ ಹೋದೆ. ಅಪ್ಪನ 1998ರ ಮಾರುತಿ 800ರ ನೋಂದಣಿ ಮುಗಿಯುತ್ತಾ ಬಂದಿತ್ತು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒದಲ್ಲಿ ನವೀಕರಣ ಆಗಬೇಕಲ್ಲ. 'ಗುಜರಿಗೆ ಹಾಕಿಬಿಡಿ ಅಪ್ಪ, ಆಟೊಮ್ಯಾಟಿಕ್ ತೆಗೆದುಕೊಡ್ತೀನಿ' ಅಂತ ಫೋನಲ್ಲಿ ಹೇಳಿದ್ದೆ. 'ಊರಿಗೆ ಬಾ, ಮಾತಾಡೋಣ' ಅಂದಿದ್ದರು ಅಷ್ಟೇ.

ನಿಜ ಹೇಳಬೇಕೆಂದರೆ, ಆ ಕಾರು ಕಂಡರೆ ನನಗೆ ನಾಚಿಕೆ ಇತ್ತು. ಪಿಯುಸಿಯಲ್ಲಿದ್ದಾಗ ಗೆಳೆಯರು ನೋಡಬಾರದೆಂದು ಕಾಲೇಜಿನ ಹಿಂದಿನ ತಿರುವಿನಲ್ಲೇ ಇಳಿದುಕೊಳ್ಳುತ್ತಿದ್ದೆ. ಯಾಕೆ ಅಂತ ಅಪ್ಪ ಒಂದು ದಿನವೂ ಕೇಳಲಿಲ್ಲ.

ಶನಿವಾರ ಮನೆಮಂದಿಯೆಲ್ಲ ಅದರಲ್ಲೇ ಧರ್ಮಸ್ಥಳಕ್ಕೆ ಹೊರಟೆವು. ಬೆಳಗಿನ ಚಳಿಗೆ ಅಪ್ಪ ಚೋಕ್ ಎಳೆದು ಸ್ಟಾರ್ಟ್ ಮಾಡಿದರು. ವಾಪಸ್ ಬರುವಾಗ ಗುಂಡ್ಯದಲ್ಲಿ ಟೀ ಕುಡಿದು ಕೀ ನನ್ನ ಕೈಗಿಟ್ಟರು.

'ಕತ್ತಲಾದ್ರೆ ಎದುರಿನ ಲೈಟು ಒಡೆದೊಡೆದು ಕಾಣುತ್ತೆ ಕಣೋ. ಫಿಟ್‌ನೆಸ್ ಆಗಬೇಕಿರೋದು ಗಾಡಿಗಲ್ಲ, ನನಗೆ' ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಶಿರಾಡಿ ಘಾಟಿ ಹತ್ತಿಸಿದ್ದು ನಾನು. 796 ಸಿಸಿ, ಮೂರು ಸಿಲಿಂಡರ್, 37 ಹಾರ್ಸ್‌ಪವರ್, ನಾಲ್ಕೇ ಗೇರ್. ಪವರ್ ಸ್ಟೀರಿಂಗ್ ಇಲ್ಲ. ಮುಂದೆ ಲಾರಿ ಸಿಕ್ಕಿದಾಗ ಗೇರ್ ಇಳಿಸುವುದು ಅರೆಕ್ಷಣ ತಡವಾದರೂ ಕಾರು ಉಸಿರು ಬಿಡುತ್ತಿತ್ತು. 'ಮೀಟರ್ ನೋಡಬೇಡ, ಸದ್ದು ಕೇಳು' ಅಂದರು ಅಪ್ಪ. ನಲವತ್ತರ ವೇಗದಲ್ಲಿ ಅಂಗಿ ಬೆವರಿನಲ್ಲಿ ಒದ್ದೆ. ಪೋರ್ಷೆಯಲ್ಲಿ ಓಡಿದ್ದು ಯಾರೋ ಬರೆದ ಕೋಡ್, ನಾನು ಬರೀ ಯೂಸರ್. ಇಲ್ಲಿ ಪ್ರತಿ ತಿರುವೂ ನನ್ನದೇ. ಇಪ್ಪತ್ತೈದು ವರ್ಷ ನಮ್ಮನ್ನೆಲ್ಲ ಕೂರಿಸಿಕೊಂಡು ಅಪ್ಪ ಎಷ್ಟು ಕೆಲಸ ಮಾಡುತ್ತಿದ್ದರು ಅನ್ನೋದು ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದ ನನಗೆ ಹೊಳೆದಿರಲೇ ಇಲ್ಲ.

ಹಾಗಂತ ಹಳೆಯದೇ ಮೇಲು ಅನ್ನಲ್ಲ. ನಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಇನ್ನು ಮುಂದೆ ಹೈವೇಗೆ, ಘಾಟಿಗೆ ಅದನ್ನು ತೆಗೆಯುವುದಿಲ್ಲ ಅಂತ ಇಬ್ಬರೂ ಒಪ್ಪಿಕೊಂಡೆವು. ಊರೊಳಗೆ, ಹಗಲಲ್ಲಿ ಮಾತ್ರ. ಸೋಮವಾರ ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಹೋದೆವು. ಪೊರೆ ಬಂದಿದೆ, ಆಪರೇಷನ್‌ಗೆ ದಿನ ಗೊತ್ತಾಯಿತು. ಆಮೇಲೆ ಆರ್‌ಟಿಒ.

ದಾರಿಯಲ್ಲಿ ನನ್ನ ಹಳೇ ಕಾಲೇಜು ಬಂತು. 'ಇಲ್ಲೇ ಒಂದು ಟೀ ಕುಡಿಯೋಣ್ವಾ ಅಪ್ಪ' ಅಂದೆ.

ಅಪ್ಪ ಕಿಟಕಿಯಾಚೆ ನೋಡುತ್ತಲೇ ಕೇಳಿದರು: 'ಇವತ್ತು ಗೇಟ್ ತನಕ ಬರಬಹುದೇನೋ?'