ತಾತನ ಉದ್ರಿ ಪುಸ್ತಕ ಮತ್ತು ಸೈನೇಡ್ ದಿಬ್ಬ

ನಾನು ಕೆ.ಜಿ.ಎಫ್. ಕಡೆಯವನು ಅಂದರೆ ಸಾಕು, ಚೆನ್ನೈನಲ್ಲಿ ನಮ್ಮ ಕ್ಲಾಸಿನ ಹುಡುಗರು ಗಡ್ಡ ಸವರಿಕೊಂಡು ಹೀರೋ ಥರ ನಡೆದು ತೋರಿಸುತ್ತಾರೆ. ಅವರಿಗೆ ಗೊತ್ತಿರೋದು ಸಿನಿಮಾ. ಆದರೆ ಅದರಲ್ಲಿ ಹಿಂದೆ ಕಾಣುವ ಬೂದು ಗುಡ್ಡಗಳು ಸೆಟ್ಟಲ್ಲ, ನಮ್ಮೂರಿನವೇ. ನಾವು ಸೈನೇಡ್ ದಿಬ್ಬ ಅನ್ನುತ್ತೇವೆ. ಅವು ದೇವರು ಮಾಡಿದ ಗುಡ್ಡಗಳೂ ಅಲ್ಲ. ಗಣಿಯಿಂದ ತೆಗೆದ ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ಸೈನೇಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡು, ಮಿಕ್ಕದ್ದನ್ನು ಊರ ಪಕ್ಕದಲ್ಲೇ ಸುರಿದದ್ದು. ಹದಿಮೂರು ದಿಬ್ಬ, 1,003 ಎಕರೆ, ಸುಮಾರು 3.3 ಕೋಟಿ ಟನ್ನು. ಆಷಾಢದ ಗಾಳಿ ಎದ್ದರೆ ಆ ಪುಡಿ ಊರಿನೊಳಕ್ಕೆ ಬರುತ್ತದೆ. ಆಗ ನಮ್ಮಜ್ಜಿ ನೀರಿನ ಕೊಡಗಳಿಗೆಲ್ಲ ಒದ್ದೆ ಬಟ್ಟೆ ಕಟ್ಟುತ್ತಾಳೆ.

ಇದನ್ನು ಬರೆಯಲು ಕಾರಣ ನಮ್ಮಪ್ಪ. ದಸರಾ ರಜಕ್ಕೆ ಹೋಗಿದ್ದಾಗ ಒಂದು ಸೈಟು ತೋರಿಸಿದರು. ದಿಬ್ಬದಿಂದ ಎರಡು ಫರ್ಲಾಂಗು, ಮೂವತ್ತು-ನಲವತ್ತು ಅಳತೆ. ರಾಬರ್ಟ್‌ಸನ್‌ಪೇಟೆಯಲ್ಲಿ ಹೇಳುವ ಬೆಲೆಯ ಅರ್ಧವೂ ಇಲ್ಲ. “ನೀನು ಕಾಮರ್ಸ್ ಓದ್ತಿದೀಯಲ್ಲ, ಲೆಕ್ಕ ಹಾಕಿ ಹೇಳು, ತಗೊಳ್ಳೋದಾ ಬೇಡ್ವಾ?” ಅಂದರು. ಅಪ್ಪ ನನ್ನನ್ನು ದುಡ್ಡಿನ ವಿಷಯ ಕೇಳಿದ್ದು ಅದೇ ಮೊದಲು. ಹೆಮ್ಮೆ ಆಯಿತು, ಆಮೇಲೆ ಭಯ ಆಯಿತು.

ನಾನು ಹತ್ತನೇವರೆಗೂ ಓದಿದ್ದು ಕನ್ನಡ ಮೀಡಿಯಂ. ಇಲ್ಲಿ ಮೊದಲ ವರ್ಷ ಮೇಷ್ಟ್ರು ‘ಅಸೆಟ್, ಲಯಬಿಲಿಟಿ’ ಅಂದಾಗ ನೋಟ್ಸಿನಲ್ಲಿ ‘ಬರಬೇಕಾದ್ದು, ಕೊಡಬೇಕಾದ್ದು’ ಅಂತ ಬರೆದುಕೊಂಡೆ. ಅದು ತಾತನಿಂದ ಕಲಿತ ಮಾತು. ಆಂಡರ್ಸನ್‌ಪೇಟೆಯಲ್ಲಿ ತಾತನದು ದಿನಸಿ ಅಂಗಡಿ. ಗಿರಾಕಿಗಳು ಬಹುಪಾಲು ಗಣಿ ಕೆಲಸದ ತಮಿಳರು, ತೆಲುಗರು. ಹೆಸರುಗಳನ್ನೆಲ್ಲ ತಾತ ಕನ್ನಡದಲ್ಲೇ ಬರೆಯುತ್ತಿದ್ದ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಎಷ್ಟೋ ಸಂಸಾರ ಊರು ಬಿಟ್ಟವು. ಪುಸ್ತಕದಲ್ಲಿ ಉಳಿದ ಬಾಕಿ 41,300 ರೂಪಾಯಿ. ತಾತ ಯಾರನ್ನೂ ಬೈಯಲಿಲ್ಲವಂತೆ; ಸಾಲನ್ನು ಹೊಡೆದೂ ಹಾಕಲಿಲ್ಲ. ಆ ಕೆಂಪು ರಟ್ಟಿನ ಪುಸ್ತಕ ಈಗಲೂ ದೇವರ ಗೂಡಿನಲ್ಲಿದೆ. ಅಜ್ಜಿ ಅದಕ್ಕೂ ಕುಂಕುಮ ಇಡುತ್ತಾಳೆ, ಯಾಕೋ ಗೊತ್ತಿಲ್ಲ.

ಆ ರಾತ್ರಿ ಅಪ್ಪನ ಸೈಟಿಗಿಂತ ಮೊದಲು ದಿಬ್ಬಕ್ಕೇ ಲೆಕ್ಕ ಹಾಕೋಣ ಅನ್ನಿಸಿತು. ಅಢಾವೆ ಪತ್ರಿಕೆಯಲ್ಲಿ ಅದನ್ನು ಯಾವ ಕಡೆ ಬರೆಯೋದು? ಮರಳಿನಲ್ಲಿ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ ಇನ್ನೂ ಇದೆ. ಅಷ್ಟು ಕೋಟಿ ಟನ್ನಿಗೆ ಸೇರಿಸಿದರೆ ಅದು ಸಣ್ಣ ಮೊತ್ತವಲ್ಲ, ಹಾಗಾಗಿ ಆಸ್ತಿ. ಆದರೆ ಧೂಳು, ಮಳೆನೀರಿನ ಜೊತೆ ಕೊಚ್ಚಿ ಬರುವ ಹೂಳು, ಏನೂ ಬೆಳೆಯದ ಸಾವಿರ ಎಕರೆ, ಇವು ಕೊಡಬೇಕಾದ್ದರ ಕಡೆ. ಕೊಡಬೇಕಾದ್ದನ್ನು ಕೊಡುವವರು ಯಾರು ಅನ್ನೋದೇ ಪ್ರಶ್ನೆ.

ಗಣಿ ನಡೆಸುವವರು ಮುಚ್ಚುವ ಖರ್ಚಿಗೆ ಮುಂಚೆಯೇ ಹಣದ ಭದ್ರತೆ ಇಡಬೇಕು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2003ರಲ್ಲಿ. ನಮ್ಮ ಗಣಿ ಮುಚ್ಚಿ ಎರಡು ವರ್ಷ ಆದಮೇಲೆ! 2017ರಲ್ಲಿ ನಿಯಮ ಬಂದಾಗ ದೊಡ್ಡ ಗಣಿಗಳಿಗೆ ಹೆಕ್ಟೇರಿಗೆ 3 ಲಕ್ಷ ಇತ್ತು. ಆ ದರದಲ್ಲೇ ಲೆಕ್ಕ ಹಾಕಿದೆ: 1,003 ಎಕರೆ ಅಂದರೆ ಸುಮಾರು 406 ಹೆಕ್ಟೇರು, 12 ಕೋಟಿ ಚಿಲ್ಲರೆ. 3.3 ಕೋಟಿ ಟನ್ನಿನ ಮೇಲೆ ಹಂಚಿದರೆ ಟನ್ನಿಗೆ ನಾಲ್ಕು ರೂಪಾಯಿಯೂ ಬರಲ್ಲ. ನಾಲ್ಕು ರೂಪಾಯಿಗೆ ಒಂದು ಟನ್ನು ಮಣ್ಣನ್ನು ಯಾರು ಮುಚ್ಚಿ, ಹುಲ್ಲು ಹಾಕಿ, ನೀರು ಹಾಯಿಸುತ್ತಾರೆ? ಅಂದರೆ ಆ ನಿಯಮ ಮುಂಚೆಯೇ ಇದ್ದಿದ್ದರೂ ನಮ್ಮ ದಿಬ್ಬಕ್ಕೆ ಸಾಲುತ್ತಿರಲಿಲ್ಲ.

ರಜ ಮುಗಿಸಿ ವಾಪಸ್ಸು ಬರುವಾಗ ರೈಲು ವಾಲಾಜಾ ರೋಡ್ ಸ್ಟೇಷನ್ನಿಗೆ ಬಂತು. ಅಲ್ಲಿಂದ ಹತ್ತಿರವೇ ರಾಣಿಪೇಟೆ. ಅಲ್ಲೊಂದು ಕ್ರೋಮೇಟ್ ಕಾರ್ಖಾನೆ 1990ರ ದಶಕದಲ್ಲಿ ಮುಚ್ಚಿಹೋಯಿತು. ಕ್ರೋಮಿಯಂ ಬೆರೆತ ಕಸ ಲಕ್ಷಗಟ್ಟಲೆ ಟನ್ನು ಅದರ ಅಂಗಳದಲ್ಲೇ ಬಿತ್ತು, ಕೆಳಗಿನ ಅಂತರ್ಜಲ ಕೆಟ್ಟಿತು. ಪಕ್ಕದಲ್ಲಿ ಹರಿಯುವುದು ಪಾಲಾರ್. ಅದೇ ಪಾಲಾರ್ ನಮ್ಮ ಬೇತಮಂಗಲದ ಕೆರೆ ತುಂಬಿಸಿ ಬರುವ ಹೊಳೆ. ಒಂದು ಕಾಲಕ್ಕೆ ಕೆ.ಜಿ.ಎಫ್.ಗೆ ಕುಡಿಯುವ ನೀರು ಆ ಕೆರೆಯದೇ. ಇಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದ್ದೇನೆ, ವಾಲಾಜಾ ರೋಡಿನಲ್ಲಿ ಟೀ ಕುಡಿಯೋದು ಬಿಟ್ಟು ಬೇರೇನೂ ಯೋಚಿಸಿರಲಿಲ್ಲ.

ಚೆನ್ನೈಗೆ ಬಂದಮೇಲೆ ಇನ್ನೊಂದು ಹೊಳೆಯಿತು. ಪೆರಂಬೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಮುಂಬಯಿಯ ಪರೇಲ್ ಮಿಲ್ಲುಗಳದ್ದೂ ಅದೇ ಕಥೆ. ಊರು ದೊಡ್ಡದಾದರೆ ನೆಲದ ಬೆಲೆಯೇ ಹಳೆಯ ಕೊಳೆ ತೊಳೆಯುವ ಖರ್ಚನ್ನು ಹೊತ್ತುಕೊಳ್ಳುತ್ತದೆ. ನಮ್ಮಂಥ ಊರಿನಲ್ಲಿ ತೊಳೆಯುವ ಖರ್ಚು ನೆಲದ ಬೆಲೆಗಿಂತ ಹೆಚ್ಚು. ಯಾವ ಬಿಲ್ಡರ್ ಬರುತ್ತಾನೆ? ಗಣಿಯ ಖಾಲಿ ಜಮೀನಿನಲ್ಲಿ ಕೈಗಾರಿಕಾ ಪ್ರದೇಶ ಮಾಡುವ ಮಾತು 2021ರಲ್ಲೇ ಬಂತು. ಆದರೆ ಅದೂ ದಿಬ್ಬ ಇಲ್ಲದ ಕಡೆ ನೋಡುವ ಮಾತೇ.

ಆದ್ದರಿಂದ ಹೊರಗಿನ ಹಣವೇ ಬೇಕು. ಅಮೆರಿಕದಲ್ಲಿ 1980ರಲ್ಲಿ ಸೂಪರ್‌ಫಂಡ್ ಕಾಯಿದೆ ಮಾಡಿ ಪೆಟ್ರೋಲಿಯಂ, ರಾಸಾಯನಿಕ ಕಂಪನಿಗಳ ಮೇಲೆ ತೆರಿಗೆ ಹಾಕಿದರು. ಕೆಡಿಸಿದವನು ಸಿಕ್ಕದಿದ್ದರೆ ಆ ನಿಧಿಯಿಂದ ಖರ್ಚು. 1995ರಲ್ಲಿ ತೆರಿಗೆ ನಿಂತಿತು, ಹೊರೆ ಜನರ ತಲೆಗೆ ಬಂತು. 2021ರ ಕಾನೂನಿನಿಂದ ರಾಸಾಯನಿಕಗಳ ತೆರಿಗೆ ಮತ್ತೆ ಬಂತು. ನಮ್ಮಲ್ಲೂ 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು, 2016ಕ್ಕೆ ಅದು 400 ಆಯಿತು. ಇಂಥ ಜಾಗಗಳ ಶುದ್ಧಿಗೂ ಆ ನಿಧಿಯಿಂದ ಕೊಡುವ ಯೋಜನೆ ಇತ್ತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಸೆಸ್ಸು ರಾಜ್ಯಗಳ ನಷ್ಟ ತುಂಬುವ ಲೆಕ್ಕಕ್ಕೆ ಹೋಯಿತು. ತಪ್ಪು ಅಂತ ಹೇಳಲಾರೆ, ರಾಜ್ಯಗಳಿಗೂ ಹಣ ಬೇಕು. ಆದರೆ ಒಂದು ಡಬ್ಬಿಯ ದುಡ್ಡು ಇನ್ನೊಂದಕ್ಕೆ ಹಾಕಿದ್ದಂತೂ ನಿಜ. ನಮ್ಮಮ್ಮ ಸಾಸಿವೆ ಡಬ್ಬಿಯಿಂದ ಮಾಡುವಂತೆ.

2025ರ ಜುಲೈನಲ್ಲಿ ಕೇಂದ್ರ ಸರಕಾರ ಕಲುಷಿತ ಜಾಗಗಳಿಗೆಂದೇ ನಿಯಮ ಹೊರಡಿಸಿತು. ಕೆಡಿಸಿದವನೇ ಖರ್ಚು ಕೊಡಬೇಕು, ಅವನಿಂದಾಗದಿದ್ದರೆ ಕೇಂದ್ರ, ರಾಜ್ಯ ಸರಕಾರಗಳು. ಆಗ ಗುರುತಿಸಿದ್ದ ಜಾಗಗಳು 103, ಕೆಲಸ ಶುರುವಾಗಿದ್ದದ್ದು ಏಳರಲ್ಲಿ. ಓದುತ್ತ ಓದುತ್ತ ಖುಷಿಯಾಗುತ್ತಿತ್ತು. ಕೊನೆಗೆ ಸಿಕ್ಕಿತು: ಗಣಿ ಕೆಲಸದಿಂದಾದ ಮಾಲಿನ್ಯ ಈ ನಿಯಮಕ್ಕೆ ಸೇರುವುದಿಲ್ಲ, ಅದಕ್ಕೆ ಬೇರೆ ಕಾನೂನಿದೆ.

ಉಳಿದದ್ದು ಮರಳಿನೊಳಗಿನ ಚಿನ್ನ. 2024ರ ಜೂನಿನಲ್ಲಿ ರಾಜ್ಯ ಸಂಪುಟ ಹದಿಮೂರೂ ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯಲು ಒಪ್ಪಿತು. ಕಂಪನಿಯಿಂದ ರಾಜ್ಯಕ್ಕೆ ಬರಬೇಕಾದ 75 ಕೋಟಿಗೂ ಮೇಲ್ಪಟ್ಟ ಬಾಕಿಯ ಮಾತೂ ಆಗ ಬಂತು. ಬಾಕಿ ಅಂದರೆ ಎಲ್ಲರೂ ಬರೆದಿಟ್ಟುಕೊಳ್ಳುತ್ತಾರೆ, ತಾತನ ಹಾಗೇ. ಆದರೆ ಟನ್ನಿನಿಂದ ಒಂದು ಗ್ರಾಮು ತೆಗೆದಮೇಲೂ ಉಳಿಯುವುದು ಒಂದು ಟನ್ನೇ ಅಲ್ಲವೆ? ಅದನ್ನು ಎಲ್ಲಿ ಹಾಕುವುದು, ಹಾಕಿ ಮುಚ್ಚುವ ದುಡ್ಡು ಯಾರ ಖಾತೆಯಿಂದ? ಚಿನ್ನದ ಮೊದಲ ಗಟ್ಟಿ ಮಾರುವ ಮುಂಚೆ ಅದಕ್ಕೆ ಬೇರೆ ಖಾತೆ ತೆಗೆದು ಹಣ ಇಟ್ಟರೆ ಸರಿ. ಲಾಭ ಬಂದಮೇಲೆ ನೋಡೋಣ ಅಂದರೆ ಅದು ಉದ್ರಿ.

ಮೊನ್ನೆ ಅಪ್ಪ ಫೋನ್ ಮಾಡಿದರು. ದಿಬ್ಬದಲ್ಲಿ ಚಿನ್ನ ತೆಗೀತಾರೆ ಅನ್ನೋ ಸುದ್ದಿಗೆ ಬ್ರೋಕರ್ ಬೆಲೆ ಏರಿಸಿದ್ದಾನೆ, ಭಾನುವಾರದೊಳಗೆ ಅಡ್ವಾನ್ಸ್ ಕೊಡಬೇಕಂತೆ.

“ಏನ್ ಹೇಳ್ತೀಯಾ?”

“ಚಿನ್ನ ತೊಳೆದ ಮೇಲೆ ಮರಳು ಎಲ್ಲಿ ಸುರೀತಾರೆ ಅಂತ ಅವನನ್ನ ಕೇಳಿ ಅಪ್ಪಾ.”

“ಅದನ್ನ ಬ್ರೋಕರಿಗೆ ಕೇಳಿದ್ರೆ ನಗ್ತಾನೆ ಕಣೋ.”

“ಹಾಗಾದ್ರೆ ಆಷಾಢ ಬರೋವರೆಗೂ ಕಾಯಿರಿ. ಅಜ್ಜೀನ ಒಂದಿನ ಆ ಸೈಟಲ್ಲಿ ಕೂರಿಸಿ ನೋಡೋಣ.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪರೀಕ್ಷೆ ಯಾವಾಗ ಅಂತ ಕೇಳಿದರು.