‘ಎದ್ದ ಕುಂತು ಹೊಳ್ಳವಾ’

ಮಂಗಳವಾರ, ರಾತ್ರಿ ಎರಡೂವರೆ. ಕೊನೆಯ ಲೋಕಲ್ ಹೋಗಿ ಬಹಳ ಹೊತ್ತಾಯಿತು. ಮುಂಬೈ ಪಕ್ಕದ ಈ ಡೊಂಬಿವಲಿ ಸುಮ್ಮನಾಗುವುದು ಈ ಎರಡು ಮೂರು ತಾಸು ಮಾತ್ರ. ಮಂಚ ಕಿರುಗುಟ್ಟಿತೆಂದು ಕಣ್ಣು ಬಿಟ್ಟರೆ ಮಗಳು ಕತ್ತಲಲ್ಲಿ ಎದ್ದು ಕೂತಿದ್ದಾಳೆ.

“ಯಾಕವಾ, ನೀರ ಬೇಕೇನ?”

“ಇಲ್ಲಬೇ. ಹೊಳ್ಳಾಕ ಎದ್ದೆ.”

ಮಗ್ಗುಲು ಬದಲಿಸಲಿಕ್ಕೆ ಅವಳು ಹೀಗೆ ಏಳುತ್ತಿರುವುದು ಈ ರಾತ್ರಿ ನಾಲ್ಕನೇ ಸಲ. ಈಗ ಅವಳಿಗೆ 29ನೇ ವಾರ. ಧಾರವಾಡದಿಂದ ಬಂದ ದಿನವೇ ನಾನು ಹೇಳಿದ್ದೆ: “ಮಲಗಿದಲ್ಲೇ ಹೊಳ್ಳಬ್ಯಾಡ, ಎದ್ದ ಕುಂತು ಹೊಳ್ಳವಾ. ಇಲ್ಲಾಂದ್ರ ಕೂಸಿನ ಕೊಳ್ಳಿಗೆ ಹೊಕ್ಕಳಬಳ್ಳಿ ಸುತ್ತಕೋತೈತಿ.” ನನಗೆ ಇದನ್ನು ಹೇಳಿದವಳು ನನ್ನವ್ವ, ಅವಳಿಗೆ ಅವಳ ಅತ್ತೆ. ಎರಡು ಬಸಿರಿನಲ್ಲೂ ನಾನು ಹಾಗೇ ಎದ್ದು ಕೂತು ಮಗ್ಗುಲಾದವಳು. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಕಲಿಸಿದರೂ ಈ ಮಾತೊಂದನ್ನು ಯಾಕೆಂದು ಕೇಳಿರಲಿಲ್ಲ. ಇವತ್ತು ಅವಳ ಮುಖ ನೋಡಿದಾಗ ಕೇಳಬೇಕೆನಿಸಿತು.

ಬುಧವಾರ. ಈ ಕೋಣೆಯದೇ ಒಂದು ಒಗಟು. ಒನ್ ಬಿಎಚ್‌ಕೆ ಮನೆ. ಮಂಚದ ಒಂದು ಬದಿ ಪಡುವಣ ಗೋಡೆಗೆ ಅಂಟಿದೆ, ಕಪಾಟು ಇರುವುದರಿಂದ ಸರಿಸಲು ಜಾಗವಿಲ್ಲ. ಕಿಟಕಿ ಮೂಡಣಕ್ಕಿದೆ. ತೆಂಕಣಕ್ಕೆ ತಲೆ ಹಾಕಿ ಎಡಮಗ್ಗುಲಾದರೆ ಮುಖ ಗೋಡೆಗೆ ಬರುತ್ತದೆ. ಗಾಳಿಯೆಲ್ಲ ಬೆನ್ನಿಗೆ, ಸೆಕೆಯೆಲ್ಲ ಮುಖಕ್ಕೆ. ಅಳಿಯಂದಿರು ದಿಂಬನ್ನು ಆ ಕಡೆ ಹಾಕಿದರೆ ಸರಿಹೋಗುತ್ತದಲ್ಲ ಎಂದರು. ಲೆಕ್ಕ ಸರಿಯೇ. ಆದರೆ ತಲೆ ಬಡಗಣಕ್ಕಾಗುತ್ತದೆ. ಬಸುರಿಯನ್ನು ಉತ್ತರಕ್ಕೆ ತಲೆ ಮಾಡಿ ಮಲಗಿಸಲು ನನ್ನ ಮನಸ್ಸು ಒಪ್ಪದು. ಬಲಮಗ್ಗುಲಾದರೆ ಕಿಟಕಿ ಸಿಗುತ್ತದೆ, ತಲೆಯೂ ತೆಂಕಣಕ್ಕೇ ಇರುತ್ತದೆ. ಆದರೆ ಎಲ್ಲರೂ ಎಡಕ್ಕೇ ಮಲಗು ಎನ್ನುತ್ತಾರೆ.

ಎದುರು ಮನೆಯ ಮರಾಠಿ ಕಾಕೂ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು “ಡಾವ್ಯಾ ಕುಶೀವರ್ ಝೋಪ್” ಎಂದು ಹೇಳಿ ಹೋಗುತ್ತಾರೆ. ಎಡಮಗ್ಗುಲಿಗೆ ಮಲಗು ಅಂತ. ಅವರ ಭಾಷೆಯಲ್ಲಿ ಮಗ್ಗುಲಿಗೂ ಬಸಿರಿಗೂ ಒಂದೇ ಶಬ್ದ, ಕೂಸ. ನಮ್ಮಲ್ಲಿ ಕೂಸು ಎಂದರೆ ಒಳಗಿರುವ ಮಗು. ಈ ಊರಿಗೆ ಬಂದ ಮೇಲೆ ತಿಳಿದ ಸಂಗತಿಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು.

ಮೇಲಿನ ಮಹಡಿಯಲ್ಲಿ ಉಡುಪಿಯವರಿದ್ದಾರೆ. ಅವರನ್ನೂ ಕೇಳಿದೆ. “ನಮ್ಮಲ್ಲೂ ಹಾಗೇ ಹೇಳ್ತಾರೆ ಅಮ್ಮ, ಎದ್ದು ಕೂತು ತಿರುಗಬೇಕು ಅಂತ.” ಕರಾವಳಿಯಲ್ಲೂ ಅದೇ, ಬಯಲುಸೀಮೆಯಲ್ಲೂ ಅದೇ.

ಗುರುವಾರ. ಡಾಕ್ಟರಮ್ಮನ ಹತ್ತಿರ ಹೋದಾಗ ನೇರವಾಗಿ ಕೇಳಿದೆ. ತಾಯಿ ಹೊರಳುವುದಕ್ಕೂ ಬಳ್ಳಿ ಸುತ್ತಿಕೊಳ್ಳುವುದಕ್ಕೂ ಸಂಬಂಧವಿಲ್ಲವಂತೆ. ಬಳ್ಳಿಯ ಉದ್ದ ಸುಮಾರು 50ರಿಂದ 60 ಸೆಂಟಿಮೀಟರ್. ನೀರಿನಲ್ಲಿ ತೇಲುವ ಕೂಸು ತಾನೇ ತಿರುಗುವಾಗ ಅದು ಕೊರಳಿಗೆ ಬೀಳುತ್ತದೆ. ನಾಲ್ಕೈದು ಹೆರಿಗೆಗಳಲ್ಲಿ ಒಂದರಲ್ಲಿ ಹೀಗಿರುತ್ತದೆ. ಬಳ್ಳಿಯೊಳಗಿನ ಲೋಳೆಯಂಥ ಪದರ ರಕ್ತನಾಳಗಳನ್ನು ಕಾಯುತ್ತದೆ, ಹೆಚ್ಚಿನ ಕೂಸುಗಳಿಗೆ ಏನೂ ಆಗುವುದಿಲ್ಲ.

ಹಾಗಾದರೆ ನಮ್ಮ ಹಿರಿಯರ ಮಾತು ಎಲ್ಲಿಂದ ಬಂತು? ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೇ ಅಧ್ಯಾಯ ತೆಗೆದು ನೋಡಿದೆ. ಗರ್ಭಕ್ಕೆ ಕೇಡಾಗುವ ನಡೆಗಳನ್ನು ಹೇಳುವಲ್ಲಿ ಅಂಗಾತ ಮಲಗುವ ಅಭ್ಯಾಸವೂ ಬರುತ್ತದೆ. ಹಾಗೆ ಮಲಗಿದರೆ ಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂಬ ಕಾರಣವೂ ಅಲ್ಲೇ ಇದೆ. ಅಲ್ಲಿರುವ ಮಾತು ಅಂಗಾತ ಮಲಗುವುದರ ಬಗ್ಗೆ, ಹೊರಳುವುದರ ಬಗ್ಗೆ ಅಲ್ಲ. ನನ್ನ ಊಹೆ ಇದು: ಎಡದಿಂದ ಬಲಕ್ಕೆ ಹೊರಳುವಾಗ ನಡುವೆ ಒಂದು ಗಳಿಗೆ ಅಂಗಾತವಾಗಲೇಬೇಕು. ಆ ಗಳಿಗೆಯೂ ಬೇಡವೆಂದು ಯಾರೋ ಕಾಳಜಿಯ ಹೆಂಗಸರು ಎದ್ದು ಕೂರಿಸಿದರು, ಅದೇ ಪದ್ಧತಿಯಾಗಿ ಉಳಿಯಿತು.

ಅಂಗಾತ ಬೇಡ ಎಂಬ ಮಾತನ್ನು ಇವತ್ತಿನ ಡಾಕ್ಟರೂ ಹೇಳುತ್ತಾರೆ. ಕಾರಣ ಮಾತ್ರ ಬೇರೆ. ಕಾಲುಗಳಿಂದ ಗುಂಡಿಗೆಗೆ ರಕ್ತ ಮರಳಿಸುವ ದೊಡ್ಡ ಅಭಿಧಮನಿ ಬೆನ್ನೆಲುಬಿನ ಬಲಕ್ಕೆ ಒತ್ತಿಕೊಂಡು ಹೋಗುತ್ತದೆ. ದಿನ ತುಂಬುವ ಹೊತ್ತಿಗೆ ಕೂಸು, ನೀರು, ಮಾಸು, ಗರ್ಭಕೋಶ ಎಲ್ಲ ಸೇರಿ ಐದು ಕಿಲೋ ದಾಟುತ್ತದೆ. ಅಂಗಾತ ಮಲಗಿದರೆ ಆ ಭಾರವೆಲ್ಲ ಅಭಿಧಮನಿಯ ಮೇಲೆ. ಕೆಲವರಿಗೆ ಬಿಪಿ ಇಳಿದು ತಲೆ ಸುತ್ತುತ್ತದೆ, ಬೆವರುತ್ತದೆ. ಸಿಸೇರಿಯನ್ ಮಾಡುವಾಗಲೂ ಮೇಜನ್ನು ಎಡಕ್ಕೆ ವಾಲಿಸುವುದು, ಇಲ್ಲವೇ ಬಲಸೊಂಟದ ಕೆಳಗೆ ದಿಂಬಿಡುವುದು ಇದಕ್ಕೇ.

ಶುಕ್ರವಾರ, ಮಧ್ಯಾಹ್ನ. ಎಡವೇ ಯಾಕೆ ಎಂಬುದನ್ನು ಇನ್ನೂ ಬಿಡಿಸಿರಲಿಲ್ಲ. ಓದಿದ ಮೇಲೆ ತಿಳಿಯಿತು. 2011ರಲ್ಲಿ ಆಕ್ಲೆಂಡಿನ ಸಂಶೋಧಕರು ಏಳು ತಿಂಗಳ ನಂತರ ಹೊಟ್ಟೆಯಲ್ಲೇ ಕೂಸು ಕಳೆದುಕೊಂಡ 155 ತಾಯಂದಿರನ್ನು ಮಾತಾಡಿಸಿದರು. ಬಸಿರು ನಡೆಯುತ್ತಿದ್ದ 310 ತಾಯಂದಿರೊಂದಿಗೆ ಹೋಲಿಸಿ, ಎಡಕ್ಕೆ ಮಲಗಿದವರಲ್ಲಿ ಅಪಾಯ ಕಡಿಮೆ ಎಂದರು. ಎಡ ಎಂಬ ಮಾತು ಆಗ ಜಗತ್ತಿನಾದ್ಯಂತ ಗಟ್ಟಿಯಾಯಿತು. 2019ರಲ್ಲಿ ಇಂಥ ಐದು ಅಧ್ಯಯನಗಳ ಲೆಕ್ಕ ಕೂಡಿಸಿದಾಗ 28 ವಾರಗಳ ನಂತರ ಅಂಗಾತವಾಗಿ ನಿದ್ದೆಗೆ ಹೋದವರಲ್ಲಿ ಅಪಾಯ ಸುಮಾರು ಎರಡೂವರೆ ಪಟ್ಟು ಕಂಡಿತು. ಎಡ ಬಲಗಳ ನಡುವೆ ಮಾತ್ರ ವ್ಯತ್ಯಾಸವೇ ಕಾಣಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ 8,706 ಹೆಂಗಸರನ್ನು ಮೊದಲಿನಿಂದ ಹಿಂಬಾಲಿಸಿದ ಅಧ್ಯಯನವೊಂದು, 30 ವಾರದವರೆಗೆ ಹೇಗೆ ಮಲಗಿದರೂ ತೊಂದರೆ ಕಾಣಲಿಲ್ಲ ಎಂದಿತು. ಕೊನೆಯ ವಾರಗಳಿಗೆ ಅದು ಉತ್ತರ ಕೊಡುವುದಿಲ್ಲ. ಹಾಗಾಗಿ 28 ವಾರ ದಾಟಿದ ಮೇಲೆ ಮಗ್ಗುಲಾಗಿಯೇ ನಿದ್ದೆಗೆ ಹೋಗಿ ಎಂದು 2021ರ ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ.

ಓದಿ ಮುಗಿಸಿ ಮೊದಲು ಮಾಡಿದ ಕೆಲಸ: ಮಗಳ ದಿಂಬನ್ನು ಕಿಟಕಿಯ ಅಂಚಿಗೆ ಸರಿಸಿದೆ.

ಅದೇ ದಿನ ಸಂಜೆ. ಹಗಲು ಎಷ್ಟು ನಿಲ್ಲುತ್ತಾಳೆ ಎಂಬುದರ ಮೇಲೆಯೇ ರಾತ್ರಿಯ ನಿದ್ದೆ ನಿಂತಿದೆ. ಠಾಣೆಗೆ ಕೆಲಸಕ್ಕೆ ಹೋಗಿ ಬರುತ್ತಾಳೆ. ಹಾದಿ ಚಿಕ್ಕದೇ, ಆದರೆ ಡೊಂಬಿವಲಿಯ ಪ್ಲಾಟ್‌ಫಾರ್ಮ್ ಕಂಡವರಿಗೆ ಗೊತ್ತು. ಬಸುರಿಯರು ದಿವ್ಯಾಂಗರ ಡಬ್ಬಿ ಹತ್ತಬಹುದೆಂಬ ನಿಯಮವಿದೆ, ಇವಳಿಗೆ ಹೆಂಗಸರ ಡಬ್ಬಿಯೇ ಇಷ್ಟ. ಒಂದು ದಿನ ಜೊತೆಗೆ ಹೋಗಿದ್ದೆ. ಹೊಟ್ಟೆ ನೋಡಿ ಒಬ್ಬ ಹುಡುಗಿ ಎದ್ದು “ಬಸಾ ತಾಈ” ಎಂದಳು. ತಾಈ ಎಂದರೆ ಅವರಲ್ಲಿ ಅಕ್ಕ. ನನ್ನ ಕಿವಿಗೆ ತಾಯಿ ಎಂದೇ ಕೇಳಿತು. ಕೂತ ಕೂಡಲೇ ಮಗಳು ಕಣ್ಣು ಮುಚ್ಚಿದಳು. ಮನೆಯ ಹಾಸಿಗೆಯಲ್ಲಿ ಬಾರದ ನಿದ್ದೆ ಅಲ್ಲಿ ಬಂತು, ಯಾಕೆಂದರೆ ಅಲ್ಲಿ ಎಡವೋ ಬಲವೋ ಎಂಬ ಹೆದರಿಕೆ ಇರಲಿಲ್ಲ.

ಶನಿವಾರ. ಅಳಿಯಂದಿರು ಫೋನಿನಲ್ಲಿ ಬಸುರಿಯರ ಯು ಆಕಾರದ ದಿಂಬು ತೋರಿಸಿದರು. ಅದು ಬಂದರೆ ಅರ್ಧ ಮಂಚ ಅದಕ್ಕೇ, ಈ ಸೆಕೆಗೆ ಬೇರೆ. ನಾನು ತಂದಿದ್ದ ಮೂರು ಕೌದಿ ಬಿಚ್ಚಿದೆ. ಹಳೆಯ ಸೀರೆಯವು, ಮೈಗೆ ಬೆವರು ಅಂಟದು. ದಪ್ಪದ್ದನ್ನು ಮಡಚಿ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಎರಡು ಕಾಲಿನ ನಡುವೆ ಇಟ್ಟೆ. ಬರೀ ಮೊಣಕಾಲಿಗೆ ಇಟ್ಟಾಗ ಪಾದ ಜೋತು ಸೊಂಟ ಎಳೆಯುತ್ತಿತ್ತು. ತೆಳ್ಳನೆಯದನ್ನು ಹೊಟ್ಟೆಯ ಅಡಿಗೆ ಆಸರೆಯಾಗಿ ಕೊಟ್ಟೆ. ಮೂರನೆಯದನ್ನು ಸುರುಳಿ ಮಾಡಿ ಬೆನ್ನ ಹಿಂದೆ ಇಟ್ಟೆ. ನಿದ್ದೆಯಲ್ಲಿ ಹಿಂದಕ್ಕೆ ಜಾರಿದರೂ ಪೂರ್ತಿ ಅಂಗಾತ ಆಗುವುದಿಲ್ಲ, ವಾಲಿಕೊಂಡೇ ಇರುತ್ತಾಳೆ. ಎದೆಯುರಿ ಇದ್ದ ರಾತ್ರಿ ಎಡಕ್ಕೆ ಮಲಗಿ ತಲೆಯ ಕಡೆ ಎತ್ತರಿಸಿದರೆ ಹಾಯೆನಿಸುತ್ತದೆ. ಮೀನಖಂಡ ಹಿಡಿದುಕೊಂಡಾಗ ಪಾದವನ್ನು ಮೊಣಕಾಲಿನ ಕಡೆ ಮಡಚಿ ಹಿಡಿದರೆ ಬಿಡುತ್ತದೆ. ಹಾಸಿಗೆಯಿಂದ ಏಳುವಾಗ ಮಾತ್ರ ಧಡಕ್ಕನೆ ಏಳಬಾರದು. ಮೊದಲು ಮಗ್ಗುಲಾಗಿ, ಕಾಲು ಇಳಿಬಿಟ್ಟು, ಕೈ ಊರಿ ಏಳಬೇಕು.

“ಹೊಳ್ಳೂದಕ್ಕ ಏಳಬ್ಯಾಡವಾ ಇನ್ನ. ಮಲಗಿದಲ್ಲೇ ಹೊಳ್ಳು.”

“ನೀನ ಹೇಳಿದ್ದೆಲ್ಲಬೇ?”

“ಹೇಳಿದ್ದೆ. ತಪ್ಪ ಹೇಳಿದ್ದೆ.”

ಭಾನುವಾರ, ನಸುಕು. ಮೊದಲ ಲೋಕಲ್‌ನ ಸದ್ದು. ಮಗಳು ಅಳುತ್ತಿದ್ದಾಳೆ. ಎಚ್ಚರವಾದಾಗ ಅಂಗಾತ ಇದ್ದಳಂತೆ, ಕೌದಿ ಎಲ್ಲೋ ಸರಿದಿತ್ತು. ಕೂಸಿಗೆ ಏನಾಯಿತೋ ಎಂದು. ಅವಳ ಕೈ ಹಿಡಿದು ಹೊಟ್ಟೆಯ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒದೆತ ಬಂತು. ರಾತ್ರಿಯೆಲ್ಲ ಒಂದೇ ಭಂಗಿಯಲ್ಲಿ ಯಾರೂ ಇರಲಾರರು. ಮಲಗುವಾಗ ಮಗ್ಗುಲಾಗಿ ಮಲಗಬೇಕು, ಎಚ್ಚರವಾದಾಗ ಅಂಗಾತ ಇದ್ದರೆ ಮತ್ತೆ ಮಗ್ಗುಲಾಗಬೇಕು. ನಿಯಮ ಇಷ್ಟೇ. ಇದನ್ನು ಹೇಳಿದ ಮೇಲೆ ಅವಳು ಬಲಕ್ಕೆ ಹೊರಳಿ, ಏಳೂವರೆಯ ತನಕ ಮಲಗಿದಳು.

ಮನೆಯಲ್ಲಿ ಏಳು ತಿಂಗಳು ತುಂಬಿದ ಮಗಳೋ ಸೊಸೆಯೋ ಇರುವ ತಾಯಂದಿರಲ್ಲಿ ನನ್ನದೊಂದು ಬೇಡಿಕೆ. ಮಗ್ಗುಲು ಬದಲಿಸಲು ಅವಳನ್ನು ಎಬ್ಬಿಸಿ ಕೂರಿಸಬೇಡಿ, ಬಲಕ್ಕೆ ಮಲಗಿದಳೆಂದು ಗದರಬೇಡಿ. ಕೂಸಿನ ಅಲುಗಾಟ ಕಡಿಮೆಯಾಗಿದೆ ಎಂದು ಅವಳು ಹೇಳಿದರೆ ಮಾತ್ರ ಎಷ್ಟೇ ರಾತ್ರಿಯಾಗಿರಲಿ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.