ಮಾತು ಬಿಟ್ಟವರ ಹಾಡುಗಳು

ಮೊನ್ನೆ ಅಟ್ಟ ಕ್ಲೀನ್ ಮಾಡ್ತಾ ಇದ್ದಾಗ ಹಳೇ ಬಿಸ್ಕತ್ತಿನ ಡಬ್ಬಿಯೊಳಗೆ ಒಂದು ಕ್ಯಾಸೆಟ್ಟು ಸಿಕ್ತು. ಮೇಲೆ ಅಣ್ಣನ ಅಕ್ಷರ. ನೀಲಿ ಇಂಕಿನಲ್ಲಿ 'ಫ್ಲೀಟ್‌ವುಡ್ ಮ್ಯಾಕ್ - ರೂಮರ್ಸ್', ಅದರ ಕೆಳಗೆ ಸಣ್ಣದಾಗಿ 'ಯಾರಿಗೂ ಕೊಡಬೇಡ'. ಧೂಳು ಒರೆಸಿ ಅಲ್ಲೇ ಏಣಿಯ ಮೇಲೆ ಎಷ್ಟು ಹೊತ್ತು ಕೂತಿದ್ನೋ ಗೊತ್ತಿಲ್ಲ. "ಬಿದ್ರೇನೋ?" ಅಂತ ಕೆಳಗಿನಿಂದ ಹೆಂಡತಿ ಕೂಗಿದ ಮೇಲೇ ಎಚ್ಚರ ಆಗಿದ್ದು.

1991ರ ದೀಪಾವಳಿಗೆ ಅಣ್ಣ ಮೈಸೂರಿನ ಹಾಸ್ಟೆಲ್ಲಿನಿಂದ ತಂದ ಕ್ಯಾಸೆಟ್ಟು ಅದು. ಯಾರದೋ ಕ್ಯಾಸೆಟ್ಟಿನಿಂದ ಕಾಪಿ ಮಾಡಿಸಿಕೊಂಡಿದ್ದು. ಸಾಗರದ ಹತ್ತಿರದ ನಮ್ಮೂರಲ್ಲಿ ಆಗ ಅಡಿಕೆ ಸುಲಿಯೋ ಸೀಸನ್ನು. ರಾತ್ರಿ ಜಗಲಿಯ ಮೇಲೆ ಎಲ್ಲರೂ ಮೆಟ್ಟುಗತ್ತಿ ಹಿಡಿದು ಕೂತರೆ ಟೇಪ್ ರೆಕಾರ್ಡರಿನಲ್ಲಿ ತಾಳಮದ್ದಲೆ ಹಾಕೋದು ಪದ್ಧತಿ. ಅವತ್ತು ಅಣ್ಣ ಕೃಷ್ಣ ಸಂಧಾನ ತೆಗೆದು ಇದನ್ನ ಹಾಕಿದ. ಅಪ್ಪ ಎರಡು ಹಾಡು ಕೇಳಿ, "ಇವರೆಲ್ಲ ಯಾರ ಮೇಲೆ ಸಿಟ್ಟು ಮಾಡ್ಕೊಂಡಿದಾರೆ?" ಅಂತ ಕೇಳಿದರು. ನಾವು ನಕ್ಕೆವು. ಇಂಗ್ಲಿಷ್ ಬರದ ಅಪ್ಪ ಕೇಳಿದ್ದೇ ಸರಿಯಾದ ಪ್ರಶ್ನೆಯಾಗಿತ್ತು ಅಂತ ತಿಳಿಯೋಕೆ ನನಗೆ ಎಷ್ಟೋ ವರ್ಷ ಬೇಕಾಯ್ತು.

ಅವರು ಸಿಟ್ಟು ಮಾಡ್ಕೊಂಡಿದ್ದು ಬೇರೆ ಯಾರ ಮೇಲೂ ಅಲ್ಲ, ಪಕ್ಕದಲ್ಲೇ ನಿಂತು ನುಡಿಸುತ್ತಿದ್ದವರ ಮೇಲೆ!

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಫ್ಲೀಟ್‌ವುಡ್ ಮ್ಯಾಕ್ 1967ರಲ್ಲಿ ಲಂಡನ್ನಿನಲ್ಲಿ ಶುರುವಾದ ತಂಡ. ಡ್ರಮ್ ಬಾರಿಸುವ ಮಿಕ್ ಫ್ಲೀಟ್‌ವುಡ್, ಬೇಸ್ ಗಿಟಾರಿನ ಜಾನ್ ಮ್ಯಾಕ್‌ವೀ, ಇವರಿಬ್ಬರ ಹೆಸರು ಸೇರಿ ತಂಡದ ಹೆಸರು. ಜಾನ್‌ನ ಹೆಂಡತಿ ಕ್ರಿಸ್ಟೀನ್ ಕೀಬೋರ್ಡು ನುಡಿಸುತ್ತಿದ್ದಳು, ಹಾಡುತ್ತಿದ್ದಳು. 1975ರ ಹೊತ್ತಿಗೆ ಅಮೆರಿಕದ ಒಂದು ಜೋಡಿ ಬಂದು ಸೇರಿಕೊಂಡಿತು. ಗಿಟಾರಿನ ಲಿಂಡ್ಸಿ ಬಕಿಂಗ್‌ಹ್ಯಾಮ್ ಮತ್ತು ಅವನ ಗೆಳತಿ ಸ್ಟೀವಿ ನಿಕ್ಸ್. ಆ ವರ್ಷ ಬಂದ ಆಲ್ಬಮ್ಮು ನಿಧಾನಕ್ಕೆ ಮೇಲೇರುತ್ತಾ 1976ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಹೋಯ್ತು.

ಆದರೆ ಅದೇ 1976ರ ಫೆಬ್ರವರಿಯಲ್ಲಿ ಮುಂದಿನ ಆಲ್ಬಮ್ ಮಾಡೋಕೆ ಕ್ಯಾಲಿಫೋರ್ನಿಯಾದ ಸಾಸಲಿಟೋ ಊರಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋಗೆ ಬಂದಾಗ ಐದು ಜನರ ಮನೆಯೂ ಮುರಿದಿತ್ತು. ಜಾನ್ ಮತ್ತು ಕ್ರಿಸ್ಟೀನ್ ದಾಂಪತ್ಯ ಮುಗಿದಿತ್ತು. ಲಿಂಡ್ಸಿ, ಸ್ಟೀವಿ ಬೇರೆಯಾಗುತ್ತಿದ್ದರು. ಮಿಕ್‌ನ ಸಂಸಾರವೂ ಒಡೆದಿತ್ತು. ಹೆಂಗಸರಿಬ್ಬರೂ ಒಂದು ಕಡೆ ಉಳಿದುಕೊಂಡರೆ ಗಂಡಸರು ಇನ್ನೊಂದು ಕಡೆ. ಬೆಳಗಾದರೆ ಎಲ್ಲರೂ ಒಂದೇ ಕೋಣೆಗೆ ಬರಬೇಕು. ಬಂದು ಏನು ಮಾಡೋದು? ಒಬ್ಬರ ಮೇಲೊಬ್ಬರು ಬರೆದ ಹಾಡು ಹಾಡೋದು!

'ಗೋ ಯುವರ್ ಓನ್ ವೇ' ಲಿಂಡ್ಸಿ ಸ್ಟೀವಿಯ ಮೇಲೆ ಬರೆದಿದ್ದು. ಅದರ ಒಂದು ಸಾಲು ತನ್ನ ಬಗ್ಗೆ ಸುಳ್ಳು ಹೇಳುತ್ತೆ, ತೆಗಿ ಅಂತ ಅವಳು ಕೇಳಿದಳು. ಅವನು ತೆಗೆಯಲಿಲ್ಲ. ಅದೇ ಹಾಡಿಗೆ ಅವಳು ಹಿಂದೆ ನಿಂತು ದನಿ ಸೇರಿಸಿದಳು. ಅವಳ ಉತ್ತರ 'ಡ್ರೀಮ್ಸ್'. ಸ್ಟುಡಿಯೋದ ಇನ್ನೊಂದು ಖಾಲಿ ಕೋಣೆಯಲ್ಲಿ ಕೀಬೋರ್ಡು ಇಟ್ಟುಕೊಂಡು ಹತ್ತೇ ನಿಮಿಷದಲ್ಲಿ ಬರೆದೆ ಅಂತ ಅವಳೇ ಹೇಳಿಕೊಂಡಿದ್ದಾಳೆ. ಆ ಹಾಡಿಗೆ ಗಿಟಾರು ನುಡಿಸಿ ಚಂದ ಮಾಡಿದವನು, ಹೌದು, ಲಿಂಡ್ಸಿಯೇ. ಇನ್ನು ಕ್ರಿಸ್ಟೀನ್ ತನ್ನ ಹೊಸ ಪ್ರೇಮಿಯ ಮೇಲೆ 'ಯು ಮೇಕ್ ಲವಿಂಗ್ ಫನ್' ಬರೆದು, ಗಂಡನಾಗಿದ್ದ ಜಾನ್‌ಗೆ "ಇದು ನನ್ನ ನಾಯಿಯ ಬಗ್ಗೆ" ಅಂದಳಂತೆ. ಪಾಪ, ಅವನು ಅದಕ್ಕೆ ಎಷ್ಟು ಒಳ್ಳೇ ಬೇಸ್ ನುಡಿಸಿದ್ದಾನೆ ಕೇಳಿ :) ಎಲ್ಲರ ದಿನಚರಿ ಓದಿದ ಹಾಗಿದೆ ಅಂತ ಆಲ್ಬಮ್ಮಿಗೆ 'ರೂಮರ್ಸ್' ಅನ್ನೋ ಹೆಸರು ಸೂಚಿಸಿದವನೂ ಅವನೇ.

ಕೆಲಸ ಸುಮಾರು ಒಂದು ವರ್ಷ ನಡೀತು. ಕುಡಿತ, ಕೊಕೇನು ಎಲ್ಲ ಧಾರಾಳವಾಗಿತ್ತು ಅನ್ನೋದನ್ನ ಅವರು ಯಾರೂ ಮುಚ್ಚಿಟ್ಟಿಲ್ಲ. ಆದರೂ ಕೆಲಸದಲ್ಲಿ ಮಾತ್ರ ರಾಜಿ ಇಲ್ಲ. ಕೆನ್ ಕಾಲ್ಯಾಟ್ ಮತ್ತು ರಿಚರ್ಡ್ ಡ್ಯಾಶಟ್ ತಂಡದ ಜೊತೆ ನಿರ್ಮಾಪಕರು. 'ಸಾಂಗ್‌ಬರ್ಡ್' ಹಾಡಿಗೆ ಸ್ಟುಡಿಯೋ ಸಾಲದು ಅಂತ ಬರ್ಕ್ಲಿ ವಿಶ್ವವಿದ್ಯಾಲಯದ ಜೆಲರ್‌ಬಾಕ್ ಸಭಾಂಗಣಕ್ಕೆ ಹೋಗಿ, ಖಾಲಿ ಕುರ್ಚಿಗಳ ಮುಂದೆ ಪಿಯಾನೋ ಇಟ್ಟು, ಅದರ ಮೇಲೆ ಹೂವಿಟ್ಟು, ಕ್ರಿಸ್ಟೀನ್ ಒಬ್ಬಳನ್ನೇ ಕೂರಿಸಿ ರಾತ್ರಿಯೆಲ್ಲಾ ಹಾಡಿಸಿದರು. 'ದ ಚೈನ್' ಅಂತೂ ಬೇರೆ ಬೇರೆಯವರ ತುಂಡುಗಳನ್ನ ಬ್ಲೇಡಿನಲ್ಲಿ ಟೇಪು ಕತ್ತರಿಸಿ ಅಂಟಿಸಿ ಮಾಡಿದ ಹಾಡು. ಇಡೀ ಆಲ್ಬಮ್ಮಿನಲ್ಲಿ ಐದೂ ಜನರ ಹೆಸರಿರೋದು ಅದೊಂದಕ್ಕೇ. ಬಿಡಿಸಿಕೊಳ್ಳೋಕಾಗದ ಸರಪಳಿಯ ಬಗ್ಗೆ ಇರೋ ಹಾಡು, ಅದೂ ಚೂರುಗಳಿಂದ ಆಗಿದ್ದು!

ನನಗೆ ಬಹಳ ಹಿಡಿಸಿದ್ದು ಟೇಪಿನ ಕಥೆ. ಮತ್ತೆ ಮತ್ತೆ ಓಡಿಸಿ, ಮೇಲೆ ಮೇಲೆ ದನಿ ಸೇರಿಸಿ, ಮೂಲ ಟೇಪೇ ಸವೆದುಹೋಯ್ತಂತೆ. ಡ್ರಮ್ಮಿನ ಹೊಳಪೆಲ್ಲ ಹೋಗಿ ಮಂಕಾಯ್ತು. ಪುಣ್ಯಕ್ಕೆ ಮೊದಲ ದಿನಗಳಲ್ಲೇ ಇನ್ನೊಂದು ಟೇಪಿನಲ್ಲೂ ಅದೇ ನುಡಿಸಾಣಿಕೆ ಹಿಡಿದಿಟ್ಟಿದ್ದರು. ಆಮೇಲೆ ಸೇರಿಸಿದ್ದನ್ನೆಲ್ಲ ಅದಕ್ಕೆ ವರ್ಗಾಯಿಸಬೇಕಿತ್ತು. ಎರಡನ್ನೂ ಒಟ್ಟಿಗೆ ಓಡಿಸುವ ಯಂತ್ರ ಇಲ್ಲ. ಹೆಡ್‌ಫೋನಿನ ಒಂದು ಕಿವಿಗೆ ಒಂದು ಟೇಪು, ಇನ್ನೊಂದು ಕಿವಿಗೆ ಇನ್ನೊಂದು, ವೇಗ ಹೆಚ್ಚು ಕಮ್ಮಿ ಮಾಡ್ತಾ ಕಿವಿಯಲ್ಲೇ ಹೊಂದಿಸಿದರು.

1977ರ ಫೆಬ್ರವರಿ 4ಕ್ಕೆ ಆಲ್ಬಮ್ಮು ಬಂತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪಂಕ್ ಹುಡುಗರು ಇಂಥ ನಯವಾದ ಸಂಗೀತವನ್ನೆಲ್ಲ ಕಿತ್ತೆಸೆಯೋ ಹುಮ್ಮಸ್ಸಿನಲ್ಲಿದ್ದರು. ಆದರೆ ಇದು ಅಮೆರಿಕದ ಪಟ್ಟಿಯಲ್ಲಿ ಒಟ್ಟು 31 ವಾರ ಮೊದಲ ಸ್ಥಾನದಲ್ಲಿತ್ತು. ನಾಲ್ಕು ಹಾಡುಗಳು ಮೊದಲ ಹತ್ತರೊಳಗೆ ಬಂದವು. ಅದರಲ್ಲಿ 'ಡ್ರೀಮ್ಸ್' ಮೊದಲನೇದು. 1978ರಲ್ಲಿ ವರ್ಷದ ಆಲ್ಬಮ್ ಅಂತ ಗ್ರ್ಯಾಮಿ ಸಿಕ್ತು. ಜಗತ್ತಿನಲ್ಲಿ ಒಟ್ಟು ನಾಲ್ಕು ಕೋಟಿ ಪ್ರತಿ ದಾಟಿದೆ ಅಂತ ಲೆಕ್ಕ ಹೇಳ್ತಾರೆ. 1992ರಲ್ಲಿ ಕ್ಲಿಂಟನ್ ಚುನಾವಣೆಗೆ 'ಡೋಂಟ್ ಸ್ಟಾಪ್' ಬಳಸಿಕೊಂಡ. 2020ರಲ್ಲಿ ಯಾರೋ ಒಬ್ಬ ಸ್ಕೇಟ್‌ಬೋರ್ಡಿನಲ್ಲಿ ಹೋಗ್ತಾ ಹಣ್ಣಿನ ರಸ ಕುಡಿದ ವಿಡಿಯೋದಿಂದ 'ಡ್ರೀಮ್ಸ್' ಮತ್ತೆ ಪಟ್ಟಿಗೆ ಬಂತು. ನನ್ನ ಮಗಳು ಅದನ್ನ ಹೊಸ ಹಾಡು ಅಂತಲೇ ತಿಳಿದಿದ್ದಳು!

ಈಗ ನನ್ನ ವಿಷಯಕ್ಕೆ ಬರ್ತೀನಿ. 2009ರಲ್ಲಿ ನಮ್ಮ ತೋಟ ಪಾಲಾಯ್ತು. ಬಾವಿಯ ಕಡೆಯ ಭಾಗಕ್ಕೆ ಮಾತಿಗೆ ಮಾತು ಬೆಳೆದು, ನಾನೂ ಆಡಬಾರದ್ದು ಆಡಿದೆ, ಅಣ್ಣನೂ ಆಡಿದ. ಅವತ್ತಿನಿಂದ ಮಾತಿಲ್ಲ. ಆದರೆ ವರ್ಷಕ್ಕೊಮ್ಮೆ ಅಪ್ಪನ ತಿಥಿ. ಅತ್ತಿಗೆ ಫೋನ್ ಮಾಡಿ ದಿನ ಹೇಳ್ತಾರೆ, ನಾನು ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಹೋಗ್ತೀನಿ. ಅಣ್ಣ ಮುಂದೆ ಕೂರ್ತಾನೆ, ನಾನು ಪಕ್ಕದಲ್ಲಿ. "ದರ್ಭೆ", "ಎಳ್ಳು", "ನೀರು". ಅಷ್ಟೇ ಮಾತು. ಅವನ ಕೈ ಚಾಚುವ ಮೊದಲೇ ನಾನು ಕೊಟ್ಟಿರ್ತೀನಿ. ಒಂದು ಸಲವೂ ತಪ್ಪಿಲ್ಲ. ಭಟ್ಟರು ಪ್ರತಿ ವರ್ಷ, "ನಿಮ್ಮಿಬ್ಬರ ಹಾಗೆ ಅಚ್ಚುಕಟ್ಟಾಗಿ ಮಾಡೋರು ಕಮ್ಮಿ" ಅಂತಾರೆ. ಇಬ್ಬರೂ ನೆಲ ನೋಡ್ತೀವಿ.

ಇಷ್ಟು ವರ್ಷ ಅದನ್ನ ನಾಟಕ ಅಂದುಕೊಂಡಿದ್ದೆ. ಏಣಿಯ ಮೇಲೆ ಕೂತಾಗ ಯಾಕೋ ಹಾಗನ್ನಿಸಲಿಲ್ಲ.

ಹಾಗಂತ ಒಟ್ಟಿಗೆ ಕೆಲಸ ಮಾಡಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. ಸ್ಟೀವಿ ಬರೆದ 'ಸಿಲ್ವರ್ ಸ್ಪ್ರಿಂಗ್ಸ್' ಉದ್ದ ಜಾಸ್ತಿ ಅಂತ ರೆಕಾರ್ಡಿನಿಂದ ಕೈಬಿಟ್ಟಿದ್ದರು. ಇಪ್ಪತ್ತು ವರ್ಷದ ಮೇಲೆ, 1997ರಲ್ಲಿ, ತಂಡ ಮತ್ತೆ ಸೇರಿದಾಗ ಅವಳು ಅದನ್ನ ಲಿಂಡ್ಸಿಯ ಮುಖ ನೋಡ್ತಾ ಹಾಡಿದ ವಿಡಿಯೋ ಇದೆ. ನೋಡಿದರೆ ಗೊತ್ತಾಗುತ್ತೆ, ಏನೂ ಆರಿಲ್ಲ. 2018ರಲ್ಲಿ ಅವನನ್ನ ತಂಡದಿಂದಲೇ ಹೊರಗೆ ಹಾಕಿದರು. 2022ರ ನವೆಂಬರ್ 30ಕ್ಕೆ ಕ್ರಿಸ್ಟೀನ್ ತೀರಿಕೊಂಡಳು. ಕೆಲವು ಗಾಯ ಹಾಡಾದ ಮೇಲೂ ಗಾಯವೇ. ಆದರೆ ಹಾಡು ಉಳೀತಲ್ಲ... ಅದು ಸುಳ್ಳಾಗಿದ್ರೆ ಉಳೀತಿರಲಿಲ್ಲ.

ಈ ಸಲದ ತಿಥಿಗೆ ಕ್ಯಾಸೆಟ್ಟನ್ನ ಬ್ಯಾಗಿನಲ್ಲಿ ಹಾಕ್ಕೊಂಡು ಹೋಗಿದ್ದೆ. ಊಟ ಮುಗಿದು ಎಲ್ಲರೂ ಎಲೆ ಅಡಿಕೆ ಹಾಕ್ಕೊಳ್ತಾ ಕೂತಾಗ ಜಗಲಿಯ ಮೇಲೆ ಅವನ ಮುಂದೆ ಇಟ್ಟೆ. ಏನು ಹೇಳಬೇಕೋ ತಿಳೀಲಿಲ್ಲ, ಹೇಳಲೂ ಇಲ್ಲ. ಅಣ್ಣ ಕನ್ನಡಕ ಹಾಕ್ಕೊಂಡು ತನ್ನದೇ ಅಕ್ಷರ ಓದಿದ. ಒಳಗೆ ರೀಲು ಸಡಿಲ ಆಗಿತ್ತು. ಕಿಟಕಿಯ ಮೇಲಿದ್ದ ಪೆನ್ಸಿಲ್ಲು ತಗೊಂಡು ತೂರಿಸಿ ನಿಧಾನಕ್ಕೆ ಸುತ್ತುತ್ತಾ ಇದ್ದ. ಬಹಳ ಹೊತ್ತಾದ ಮೇಲೆ ಕೇಳಿದ:

"ಇದನ್ನ ಹಾಕೋಕೆ ಟೇಪ್ ರೆಕಾರ್ಡರ್ ಎಲ್ಲಿದೆ ಈಗ?"

ಹದಿನೈದು ವರ್ಷದ ಮೇಲಾಯ್ತು, ದರ್ಭೆ ಎಳ್ಳು ನೀರು ಬಿಟ್ಟು ಅವನು ನನ್ನ ಹತ್ರ ಆಡಿದ ಮೊದಲ ಮಾತು. "ಹುಡುಕ್ತೀನಿ" ಅಂದೆ. ಅಷ್ಟೇ. ಬಾವಿಯ ವಿಷಯ ಇಬ್ಬರೂ ಎತ್ತಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಓಡುವ ಸ್ಥಿತಿಯಲ್ಲಿರೋ ಹಳೇ ಟೇಪ್ ರೆಕಾರ್ಡರ್ ಇದ್ರೆ ದಯವಿಟ್ಟು ಹೇಳಿ. ಕೊಳ್ಳೋಕೆ ನಾನು ತಯಾರು. ಮುಂದಿನ ತಿಥಿಯೊಳಗೆ ಸಿಕ್ಕರೆ ಸಾಕು.